ಎರಡನೆಯ ಕೀ

"ಕಾರು ತಗೊಳ್ಳಿ, ಚೆನ್ನಾಗಿದೆ. ಎರಡನೇ ಕೀ ಮಾತ್ರ ಕೇಳ್ಬೇಡಿ."

ಗೇಟಿನ ಬಳಿ ನಿಂತಿದ್ದ ಹೆಂಗಸು ಪಿಸುಗುಟ್ಟಿದಳು. ಮಾತು ಸರ್ವೇಯರನಿಗೆ, ಕಣ್ಣು ಮಾತ್ರ ಅವನ ಹಿಂದೆ ಬಸವಳಿದು ನಿಂತಿದ್ದ ಅವನ ಹೆಂಡತಿಯ ಆರು ತಿಂಗಳ ಹೊಟ್ಟೆಯ ಮೇಲೆ. ಕಾರು ಮಾರಲು ಹೊರಟಿದ್ದ ಗಡಿಯಾರ ರಿಪೇರಿಯವನ ಹೆಂಡತಿ ಆಕೆ. ತಲೆಯೆಲ್ಲ ಬೆಳ್ಳಗಾಗಿದ್ದರೂ ಮುಖಕ್ಕೆ ಅಷ್ಟು ವಯಸ್ಸಾಗಿರಲಿಲ್ಲ.

"ಯಾಕಮ್ಮಾ? ಕೇಳಿದ್ರೆ ದೆವ್ವ ಬರುತ್ತಾ?"

"ದೆವ್ವ ಆಗಿದ್ರೆ ಎಷ್ಟೋ ವಾಸಿ ಇತ್ತು. ಮಾಟ ಅದು. ಆ ಕೀಗೇ ಕಟ್ಟಿದಾರೆ. ಯಾರು ಬಾಯಿಬಿಟ್ಟು ಕೇಳಿ ಇಸ್ಕೊಳ್ತಾರೋ ಅವರಿಗೆ ಅಂಟ್ಕೊಳ್ಳುತ್ತೆ."

ಸರ್ವೇಯರ್ ನಕ್ಕ. ಅವನ ನಗೆಯನ್ನು ನೋಡಬೇಕಿತ್ತು ನೀವು. ತುಟಿಯ ಒಂದು ತುದಿ ಮಾತ್ರ ಮೇಲೇಳುವ ನಗೆ. ಗುದ್ದಿಸಿಕೊಂಡ ವಾಹನಗಳನ್ನು ನೋಡಿ, ಅವುಗಳ ಮಾಲೀಕರು ಎಷ್ಟು ಸುಳ್ಳು ಹೇಳುತ್ತಿದ್ದಾರೆಂದು ವಿಮಾ ಕಂಪನಿಗೆ ಬರೆದುಕೊಡುವುದು ಅವನ ಕೆಲಸ. ಹನ್ನೆರಡು ವರ್ಷ ಅದನ್ನೇ ಮಾಡಿ ಮಾಡಿ, ಲೋಕದಲ್ಲಿ ತಾನೊಬ್ಬನನ್ನು ಬಿಟ್ಟರೆ ಉಳಿದವರೆಲ್ಲ ಕಳ್ಳರು ಇಲ್ಲವೇ ದಡ್ಡರು ಎಂಬ ತೀರ್ಮಾನಕ್ಕೆ ಬಂದುಬಿಟ್ಟಿದ್ದ. ಮೊಸರಲ್ಲಿ ಕಲ್ಲು ಹುಡುಕುವವರನ್ನು ನೋಡಿದ್ದೇವೆ. ಈ ಆಸಾಮಿ ಕಲ್ಲು ಸಿಗದಿದ್ದರೆ ಮೊಸರೇ ಸುಳ್ಳು ಎನ್ನುವವನು. ವರ್ಗವಾಗಿ ಈ ಊರಿಗೆ ಬಂದು ಎರಡೇ ತಿಂಗಳಾಗಿತ್ತು, ಆಗಲೇ ಊರಿನವರೆಲ್ಲ ಎಂಥವರೆಂದು ಅವನಿಗೆ ಗೊತ್ತಾಗಿಹೋಗಿತ್ತು.

"ರೀ, ಅವರು ಅಷ್ಟು ಹೇಳ್ತಿರುವಾಗ..." ಎಂದು ಹೆಂಡತಿ ಶುರುಮಾಡಿದಳು.

"ಸುಮ್ನಿರು. ನಿಂಗೇನು ಗೊತ್ತು?"

ಈ ಮೂರು ಮಾತನ್ನು ಅವನು ದಿನಕ್ಕೆ ಇಪ್ಪತ್ತು ಸಲವಾದರೂ ಆಡುತ್ತಿದ್ದ. ಮದುವೆಯಾದ ಏಳು ವರ್ಷಗಳಲ್ಲಿ ಅವಳು ಪೂರ್ತಿ ಮುಗಿಸಿದ ವಾಕ್ಯಗಳು ಕಡಿಮೆ. ಅವಳು ಮಾತಾಡುವಾಗ ಅವನು ಮೊಬೈಲು ನೋಡುತ್ತಿದ್ದ, ಇಲ್ಲವೇ ಕಿಟಕಿಯಾಚೆ ನೋಡುತ್ತಿದ್ದ. ನಾಲ್ಕು ಜನರ ಮುಂದೆ ಅವಳ ಪರಿಚಯ ಹೇಳುವುದೂ ಅವನಿಗೆ ಮರೆತುಹೋಗುತ್ತಿತ್ತು.

ಒಂದು ವಿಷಯದಲ್ಲಿ ಮಾತ್ರ ಇವನು ಮೆತ್ತಗಾಗುತ್ತಿದ್ದ. ಎರಡು ಸಲ ಬಸಿರು ನಿಂತು, ಎರಡು ಸಲವೂ ಕೈತಪ್ಪಿತ್ತು. ಈ ಸಲ ಬಸ್ಸೂ ಬೇಡ, ಸ್ಕೂಟರೂ ಬೇಡ ಎಂದು ಡಾಕ್ಟರಮ್ಮ ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದ್ದರು. ಅದಕ್ಕೇ ಈ ಕಾರಿನ ಹುಡುಕಾಟ. ಹಳೆಯದಾದರೂ ಚಿಂತೆಯಿಲ್ಲ, ನಡುದಾರಿಯಲ್ಲಿ ಕೈಕೊಡದ ಪುಟ್ಟ ಕಾರು. ಹೆಂಡತಿ ನಿದ್ದೆಹೋದ ಮೇಲೆ ಅವನು ಅವಳ ಹೊಟ್ಟೆಯ ಮೇಲೆ ಅಂಗೈಯಿಟ್ಟು ಒಳಗಿನ ಒದೆತಕ್ಕಾಗಿ ಕಾಯುತ್ತಿದ್ದ. ಒದ್ದರೆ ಕತ್ತಲಲ್ಲೇ ಮುಖ ಅರಳುತ್ತಿತ್ತು. ಅವಳು ಎಚ್ಚರವಿದ್ದಾಗ ಕೈಯಿಡಲು ಮಾತ್ರ ದೊಡ್ಡಸ್ತಿಕೆ ಅಡ್ಡ ಬರುತ್ತಿತ್ತು, ಹುಂಬನಿಗೆ.

ಗಡಿಯಾರದವನು ಕಾಗದಪತ್ರ ಹಿಡಿದು ಒಳಗಿನಿಂದ ಬಂದ. ಬರುವಾಗ ಬಾಗಿಲಿಗೆ ಬಂದಿದ್ದ ತನ್ನ ಹೆಂಡತಿಯ ಭುಜಕ್ಕೆ ಭುಜ ಬಡಿಯಿತು. ಅವನು ತಿರುಗಿಯೂ ನೋಡಲಿಲ್ಲ. ಅವಳು ನೀರಿನ ಲೋಟ ತಂದು ಮೇಜಿನ ಮೇಲಿಟ್ಟಳು. ಅವಳ ಮುಖ ನೋಡದೆ ಎತ್ತಿ ಕುಡಿದ. 'ಪರವಾಗಿಲ್ಲವೇ, ಹೆಂಡತಿಯನ್ನು ಎಲ್ಲಿಡಬೇಕೋ ಅಲ್ಲಿಟ್ಟಿದ್ದಾನೆ' ಎಂದುಕೊಂಡ ಸರ್ವೇಯರ್. ಆ ಮನೆಯಲ್ಲಿ ಅವನಿಗೆ ಮೆಚ್ಚುಗೆಯಾದದ್ದು ಅದೊಂದೇ.

ಕಾರನ್ನು ಅವನು ನೋಡಿದ ರೀತಿಯನ್ನು ಮಾತ್ರ ಒಪ್ಪಲೇಬೇಕು. ಬಟ್ಟೆ ಸುತ್ತಿದ ಅಯಸ್ಕಾಂತವನ್ನು ಬಾಗಿಲು, ಬಾನೆಟ್ಟು, ಡಿಕ್ಕಿಗೆಲ್ಲ ಅಂಟಿಸುತ್ತ ಹೋದ; ಒಳಗೆ ಪುಟ್ಟಿ ಮೆತ್ತಿದ್ದರೆ ಅದು ಅಂಟುವುದಿಲ್ಲ. ಎಲ್ಲ ಕಡೆ ಗಬಕ್ಕನೆ ಅಂಟಿತು. ಸೀಟಿನ ಕೆಳಗೆ ತಲೆ ತೂರಿಸಿ ಬೋಲ್ಟುಗಳಿಗೆ ತುಕ್ಕು ಹಿಡಿದಿದೆಯೇ ನೋಡಿದ. ನೆರೆನೀರಲ್ಲಿ ಮುಳುಗಿದ ಗಾಡಿಯಾದರೆ ಅಲ್ಲಿ ಸಿಕ್ಕಿಬೀಳುತ್ತದೆ. ತುಕ್ಕಿರಲಿಲ್ಲ. ತಣ್ಣಗಿದ್ದ ಎಂಜಿನ್ನು ಒಂದೇ ಸಲಕ್ಕೆ ಹೊತ್ತಿಕೊಂಡಿತು, ಹೊಗೆಯಿಲ್ಲ, ಗೊರಗೊರ ಇಲ್ಲ. ಮೂಗಿಗೆ ಮಾತ್ರ ಏನೋ ಬಡಿಯಿತು. ಸುಟ್ಟ ಕೂದಲಿನ ಕಮಟು, ಅದರ ಅಡಿಯಲ್ಲಿ ಹಸಿ ಬೂದಿಯ ವಾಸನೆ. ಎಸಿ ಫಿಲ್ಟರ್ ಬದಲಿಸಿದರೆ ಸರಿಹೋಗುತ್ತದೆಂದು ಮನಸ್ಸಲ್ಲೇ ಷರಾ ಬರೆದುಕೊಂಡ.

"ಕೀ?"

ಗಡಿಯಾರದವನು ಒಂದೇ ಒಂದು ಕೀ ಮುಂದಿಟ್ಟ.

"ಇನ್ನೊಂದು?"

"ಇಷ್ಟೇ ಸಾರ್. ಕಾರು ಓಡೋಕೆ ಒಂದು ಸಾಕಲ್ವಾ?"

ಬಂತಲ್ಲ ಕಲ್ಲು! ಸರ್ವೇಯರನ ಕಣ್ಣು ಮಿಂಚಿತು. ಹಳೆಯ ಕಾರು ಕೊಳ್ಳುವವರ ಮೊದಲ ಪಾಠವೇ ಅದು: ಎರಡೂ ಕೀ ಕೈಗೆ ಬರದೆ ವ್ಯವಹಾರ ಮುಗಿಸಬಾರದು. ಒಂದು ಕೀ ಇಲ್ಲವೆಂದರೆ ಗಾಡಿ ಕದ್ದದ್ದಿರಬೇಕು, ಇಲ್ಲವೇ ನಾಳೆ ಆ ಕೀ ಹಿಡಿದು ಯಾರೋ ಬಂದು ಮನೆಮುಂದಿನಿಂದಲೇ ಓಡಿಸಿಕೊಂಡು ಹೋಗುತ್ತಾರೆ. ಅಂಥ ನೂರು ಕೇಸು ಅವನೇ ಬರೆದಿದ್ದ.

"ನೋಡ್ರೀ, ನಂಗೆ ಕಿವಿಮೇಲೆ ಹೂವ ಇಡ್ಬೇಡಿ. ಎರಡನೇ ಕೀ ಕೊಡಿ."

ಗಡಿಯಾರದವನು ಎರಡೂ ಕೈ ಮುಗಿದ. "ಬೇಡಿ ಸಾರ್. ನಿಮ್ಮ ಮನೆಯವ್ರು ಬಸುರಿ ಬೇರೆ. ಬೇರೆ ಬೀಗ ಹಾಕಿಸ್ಕೊಳ್ಳಿ, ಅದರ ಖರ್ಚು ನಾನೇ ಕೊಡ್ತೀನಿ."

"ಅಂದ್ರೆ ಕೀ ಇದೆ ಅಂತಾಯ್ತು! ಕೊಡಿ ಇಲ್ಲಿ."

"ನೀವಾಗೇ ಕೇಳ್ತಿದ್ದೀರಾ? ನಿಮ್ಮ ಬಾಯಿಂದ?"

"ಬಾಯಿಂದ ಅಲ್ದೆ ಇನ್ನೆಲ್ಲಿಂದ ಕೇಳ್ತಾರೆ? ಎರಡನೇ ಕೀ ಕೊಡಿ. ಮೂರನೇ ಸಲ ಕೇಳ್ತಿದ್ದೀನಿ."

ಬಾಗಿಲಲ್ಲಿದ್ದ ಬಿಳಿಗೂದಲಿನ ಹೆಂಗಸು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಗಡಿಯಾರದವನು ಒಳಕ್ಕೆ ಹೋದ. ಉಪ್ಪು ತುಂಬಿದ ತಗಡಿನ ಡಬ್ಬಿಯೊಂದನ್ನು ಎದೆಗವಚಿಕೊಂಡು ಬಂದು, ಬೆರಳಿನಿಂದ ಉಪ್ಪು ಕೆದಕಿ ಕೀ ತೆಗೆದ. ಅದರ ಮೈತುಂಬ ಕಪ್ಪು ದಾರ, ದಾರದ ಸುತ್ತುಗಳ ನಡುವೆ ಉದ್ದನೆಯ ಕೂದಲು, ಮೇಲೆ ಮೇಣ. ಸರ್ವೇಯರ್ ಅದನ್ನು ಕಸಿದು, ಜೇಬಿನ ಚಾಕುವಿನಿಂದ ಮೇಣ ಕೆರೆದು, ದಾರ ಕತ್ತರಿಸಿ, ಊದಿ, ಮೊದಲನೆಯ ಕೀ ಇದ್ದ ಉಂಗುರಕ್ಕೇ ಪೋಣಿಸಿದ. "ನಿಮ್ಮ ಕಸ ನೀವೇ ಇಟ್ಕೊಳ್ಳಿ" ಎಂದು ದಾರವನ್ನು ಮೇಜಿನ ಮೇಲೆಸೆದ.

ಗಡಿಯಾರದವನಿಗೆ ಅದು ಕೇಳಿಸಲಿಲ್ಲ. ಅವನು ಬಾಗಿಲ ಕಡೆ ತಿರುಗಿದ್ದ. ಬಾಯಿ ತೆರೆದೇ ಇತ್ತು.

"ನಿನ್ನ ಕೂದಲು..." ಎಂದ. "ನಿನ್ನ ಕೂದಲು ಯಾವಾಗ ಬೆಳ್ಳಗಾಯ್ತೇ?"

ಹೆಂಗಸು ಗೋಡೆ ಹಿಡಿದು ಕುಸಿದು ಕೂತಳು. ಅವನು ಹೋಗಿ ಅವಳ ಎರಡೂ ಕೈ ಹಿಡಿದುಕೊಂಡು ಮಗುವಿನ ಹಾಗೆ ಅಳತೊಡಗಿದ. ಹೆಂಡತಿಯ ತಲೆಗೂದಲು ನೋಡಿ ಅಳುವ ಗಂಡಸು! ಸರ್ವೇಯರನಿಗೆ ಅವನ ಮೇಲಿದ್ದ ಚೂರುಪಾರು ಮೆಚ್ಚುಗೆಯೂ ಹೋಯಿತು.

"ರೀ, ನಂಗೆ ಭಯ ಆಗ್ತಿದೆ. ನಾನು ಬಾಡಿಗೆ ಗಾಡೀಲೇ ಬರ್ತೀನಿ" ಎಂದಳು ಹೆಂಡತಿ.

"ಸುಮ್ನಿರು. ಕೂತ್ಕೋ."

ಕೂತಳು. ಅವನ ಪಕ್ಕದ ಸೀಟಿನಲ್ಲಿ, ಬೆಲ್ಟನ್ನು ಹೊಟ್ಟೆಯ ಕೆಳಗಿನಿಂದ ಜೋಪಾನವಾಗಿ ಎಳೆದುಕೊಂಡು.

ಮಧ್ಯಾಹ್ನದ ಬಿಸಿಲು ಚುರುಗುಟ್ಟುತ್ತಿತ್ತು. ಕಾರು ಬೆಣ್ಣೆಯ ಹಾಗೆ ಓಡಿತು. ವಾಸನೆ ಮಾತ್ರ ಹೆಚ್ಚುತ್ತಲೇ ಹೋಯಿತು. ಕಿಟಕಿ ಇಳಿಸಿದರೂ ಹೋಗಲಿಲ್ಲ, ನಾಲಿಗೆಯ ಮೇಲೇ ಕೂತಂತಿತ್ತು. ದಾರಿಯಲ್ಲಿ ಕಾರು ತೊಳೆಯುವ ಯಂತ್ರದ ಮನೆಯೊಂದು ಸಿಕ್ಕಿತು. ಒಂದು ತುದಿಯಲ್ಲಿ ಗಾಡಿ ಬಿಟ್ಟರೆ ನೆಲದಲ್ಲಿ ಚಲಿಸುವ ಪಟ್ಟಿಯೇ ಎಳೆದುಕೊಂಡು ಹೋಗಿ ಇನ್ನೊಂದು ತುದಿಯಲ್ಲಿ ತೊಳೆದು ಬಿಡುವ ಉದ್ದನೆಯ ಸುರಂಗ. "ಹೊಲಸೆಲ್ಲ ಇಲ್ಲೇ ತೊಳೆದು ಹೋಗ್ಲಿ" ಎಂದು ಒಳಗೆ ಬಿಟ್ಟ. ಕಿಟಕಿ ಏರಿಸಿದ.

ಬೆಳಕು ಹಿಂದೆ ಉಳಿಯಿತು. ಮೇಲಿನಿಂದ ನೊರೆ ಬಿತ್ತು. ಮುಂದಿನ ಗಾಜು ಮುಚ್ಚಿತು, ಪಕ್ಕದ್ದು ಮುಚ್ಚಿತು, ಹಿಂದಿನದೂ ಮುಚ್ಚಿತು. ಹಾಡಹಗಲಲ್ಲಿ ಕಾರಿನೊಳಗೆ ಗವ್ವೆನ್ನುವ ಕತ್ತಲು. ದಪ್ಪ ಕುಂಚಗಳು ಎರಡೂ ಕಡೆಯಿಂದ ಬಂದು ಮೈಮೇಲೆ ಬಿದ್ದವು. ಧಡ್, ಧಡ್, ಸರ್ರ್. ತಗಡು ನಡುಗಿತು.

"ರೀ, ಮಗು ಒದೀತಿದೆ. ಇಲ್ಲಿ ಕೈ ಇಟ್ಟು ನೋಡಿ..."

"ಸುಮ್ನಿರು."

ಅವನು ಅವಳಿಗೆ ಆಡಿದ ಕೊನೆಯ ಮಾತು ಅದೇ, ಅವಳ ಉತ್ತರ ಅವನ ಕಿವಿಗೆ ಬೀಳುವಂತಿದ್ದಾಗ.

ವಾಸನೆ ಭಗ್ಗನೆ ಎದ್ದಿತು. ಯಾರೋ ಮುಖದ ಮುಂದೆಯೇ ಕೂದಲಿನ ಗಂಟು ಸುಟ್ಟ ಹಾಗೆ. ಕಣ್ಣು ಉರಿಯಿತು. ಉಂಗುರದಲ್ಲಿದ್ದ ಎರಡು ಕೀಗಳು ತಾವಾಗಿಯೇ ಒಂದಕ್ಕೊಂದು ಬಡಿದುಕೊಂಡವು. ಕಿಣಿ. ಕಿಣಿ. ಹೆಂಡತಿ ಏನೋ ಹೇಳಲು ಹೊರಟಳು. "ರೀ, ಯಾಕೋ..." ಅಷ್ಟೇ. ಮಾತು ನಡುವೆ ತುಂಡಾಯಿತು. ಅವಳ ಉಸಿರಿನ ಸದ್ದೂ ನಿಂತಿತು.

ನೀರು ರಾಚಿತು. ನೊರೆ ಜಾರಿತು. ಗಾಜಿನಿಂದ ಬೆಳಕು ಬಂತು. ಅವನು ಪಕ್ಕಕ್ಕೆ ತಿರುಗಿದ.

ಸೀಟು ಖಾಲಿ.

ಬೆಲ್ಟು ಮಾತ್ರ ಹಾಕಿದಂತೆಯೇ ಇತ್ತು. ಬಿಗಿಯಾಗಿ. ಉಬ್ಬಿದ ಹೊಟ್ಟೆಯ ಕೆಳಗೆ ಹಾದುಹೋದ ಹಾಗೆ ಬಾಗಿ ನಿಂತಿತ್ತು, ಗಾಳಿಯ ಮೇಲೆ.

ಅವನು ಕೈ ಚಾಚಿದ. ಏನೂ ಸಿಗಲಿಲ್ಲ. ಟಕ್ಕೆಂದು ಬೆಲ್ಟು ಕಳಚಿತು. ತಾನಾಗಿ. ಸರಕ್ಕನೆ ಒಳಗೆ ಸುತ್ತಿಕೊಂಡಿತು. ಆ ಕೂಡಲೇ ಗಂಟೆ ಬಡಿಯತೊಡಗಿತು. ಟಿಂಗ್, ಟಿಂಗ್, ಟಿಂಗ್. ಸೀಟಿನಲ್ಲಿ ಯಾರೋ ಕೂತಿದ್ದಾರೆ, ಬೆಲ್ಟ್ ಹಾಕಿಲ್ಲ ಎನ್ನುತ್ತಿತ್ತು ಯಂತ್ರ. ಯಂತ್ರಕ್ಕೆ ಗೊತ್ತಿತ್ತು. ಅವನಿಗೆ ಕಾಣುತ್ತಿರಲಿಲ್ಲ.

ಸುರಂಗ ಮುಗಿಯಿತು. ಒರೆಸುವ ಬಟ್ಟೆ ಹಿಡಿದ ಕೆಲಸದಾಕೆ ಓಡಿಬಂದಳು. "ಏನಾಯ್ತು ಸಾರ್? ಅಕ್ಕ ಯಾಕೆ ಹಾಗೆ ಕಿರುಚ್ತಿದ್ದಾರೆ? ನಿಮ್ಮ ತೋಳು ಹಿಡಿದು ಅಲ್ಲಾಡಿಸ್ತಿದ್ದಾರೆ, ನೀವು ಹೀಗೆ ಕಲ್ಲಿನ ಹಾಗೆ ಕೂತಿದ್ದೀರಲ್ಲ!"

ಅವನು ತನ್ನ ತೋಳನ್ನು ನೋಡಿಕೊಂಡ. ಅಂಗಿಯ ಬಟ್ಟೆಯೂ ಮಿಸುಕುತ್ತಿರಲಿಲ್ಲ.

ಅಂಥ ಹೊತ್ತಲ್ಲೂ ಅವನಿಗೆ ಮೊದಲು ಬಂದ ಯೋಚನೆ ಏನು ಗೊತ್ತೇ? ಇವರೆಲ್ಲ ಸೇರಿ ತನ್ನನ್ನು ಮೂರ್ಖನನ್ನಾಗಿ ಮಾಡುತ್ತಿದ್ದಾರೆ ಎಂದು. ಸಂಜೆಯವರೆಗೂ ಅದನ್ನೇ ಹಿಡಿದುಕೊಂಡಿದ್ದ. ಮನೆಯಲ್ಲಿ ಅಡುಗೆಮನೆಯ ನಲ್ಲಿ ತಾನಾಗಿ ತಿರುಗಿತು. ಅವನ ಮುಂದೆ ನೀರಿನ ಲೋಟ ಬಂದು ಕೂತಿತು. ಮೇಜಿನ ಮೇಲೆ ಒಂದು ಹಾಳೆ ಬಂದು ಬಿತ್ತು, ಬಿಳಿಯ ಖಾಲಿ ಹಾಳೆ. ಅದರಲ್ಲೇನಾದರೂ ಇದೆಯೇ ಎಂದು ಕೇಳಲು ಅದನ್ನು ಹಿಡಿದು ಪಕ್ಕದ ಮನೆಯ ಟೀಚರ ಬಾಗಿಲು ಬಡಿದ.

ಟೀಚರು ಹಾಳೆ ನೋಡಿ, ಅವನ ಪಕ್ಕದ ಖಾಲಿ ಜಾಗ ನೋಡಿ, ಮತ್ತೆ ಅವನನ್ನು ನೋಡಿದರು. "ಇದೇನ್ರೀ ನಾಟಕ? ನಿಮ್ಮಾಕೆ ಇಲ್ಲೇ ನಿಂತು ಅಳ್ತಿದ್ದಾರೆ. ಕಾಗದದ ತುಂಬಾ ಬರೆದಿದ್ದಾರೆ. 'ಕಾರಿಗೆ ಏನೂ ಮಾಡ್ಬೇಡಿ, ಕೀ ಎಸೀಬೇಡಿ, ಬೆಳಿಗ್ಗೆ ಆ ಮನೆಗೆ ಹೋಗಿ ಅವರನ್ನೇ ಕೇಳೋಣ' ಅಂತ."

ಹೆಂಡತಿಯ ಮಾತು. ಎಲ್ಲಿಂದ ಬಂದರೂ ಹೆಂಡತಿಯ ಮಾತೇ. ಇವನು ಕೇಳಿಯಾನೇ?

ರಾತ್ರಿಯಿಡೀ ಯೋಚಿಸಿ ಬುದ್ಧಿವಂತ ತಾನೇ ಒಂದು ದಾರಿ ಕಂಡುಕೊಂಡ. ರೋಗವಿರುವುದು ಕಾರಿನಲ್ಲಿ, ಕೀಯಲ್ಲಿ, ಅವೇ ಇಲ್ಲದಿದ್ದರೆ? ಬೆಳಗಾಗುತ್ತಲೇ ತನಗೆ ಪರಿಚಯವಿದ್ದ ಗುಜರಿಗೆ ಗಾಡಿ ಓಡಿಸಿದ. ಜಜ್ಜುವ ಯಂತ್ರದವನು "ಇಷ್ಟು ಚೆನ್ನಾಗಿರೋ ಗಾಡೀನಾ ಸಾರ್?" ಎಂದು ಎರಡು ಸಲ ಕೇಳಿದ. "ಹೇಳಿದ್ದಷ್ಟು ಮಾಡು" ಎಂದ ಸರ್ವೇಯರ್. ಎರಡೂ ಕೀಗಳನ್ನು ಸೀಟಿನ ಮೇಲೆಸೆದು ಬಾಗಿಲು ಹಾಕಿದ. ಗಾಜು ಪುಡಿಯಾಯಿತು, ತಗಡು ಕಿರುಚಿತು, ಕಾರು ಟ್ರಂಕಿನಷ್ಟಾಯಿತು. ಅವನು ಕಣ್ಣು ಮುಚ್ಚಿ, ತೆರೆದು, ಪಕ್ಕಕ್ಕೆ ನೋಡಿದ. ಯಾರೂ ಇರಲಿಲ್ಲ. ಯಂತ್ರದವನು ಮಾತ್ರ ಆ ಖಾಲಿ ಜಾಗಕ್ಕೆ "ಅಳ್ಬೇಡಿ ಅಕ್ಕ, ಕೂತ್ಕೊಳ್ಳಿ" ಎಂದು ಸ್ಟೂಲು ಹಾಕುತ್ತಿದ್ದ.

ಆಮೇಲೆ ಹೋದ ಗಡಿಯಾರದವನ ಮನೆಗೆ. ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುತ್ತಾರಲ್ಲ, ಹಾಗೆ.

ಗಂಡ ಹೆಂಡತಿ ಅಂಗಳದಲ್ಲಿ ಒಂದೇ ಬೆಂಚಿನ ಮೇಲೆ ಕೂತಿದ್ದರು. ಗಡಿಯಾರದವನು ಎದ್ದು ನಿಂತ. "ನನ್ನ ಅತ್ತೆ ಮಾಡಿಸಿದ್ದು ಸಾರ್ ಅದು. ತಪ್ಪು ನಂದೇ. ಇವಳನ್ನ ಹನ್ನೊಂದು ವರ್ಷ ಪಕ್ಕದಲ್ಲಿ ಕೂರಿಸ್ಕೊಂಡು ಒಂದಿನ ಮನುಷ್ಯಳ ಹಾಗೆ ನೋಡ್ಲಿಲ್ಲ. ಒಂದ್ಸಲ ಪೆಟ್ರೋಲು ಬಂಕಲ್ಲಿ ಇಳಿದೋಳನ್ನ ಅಲ್ಲೇ ಮರೆತು ಬಂದೆ, ಮನೆ ತಲುಪೋವರೆಗೂ ನಂಗೆ ಗೊತ್ತೇ ಆಗ್ಲಿಲ್ಲ. ಆ ತಾಯಿ ಹೊಟ್ಟೆ ಉರಿದು, ಮಗಳ ಕೂದಲು ಕೀಗೆ ಸುತ್ತಿಸಿ ಮಾಟ ಮಾಡಿಸಿದ್ಳು. ನಿನ್ನ ಪಕ್ಕ ಕೂತವಳು ಇದ್ದೂ ನಿನಗೆ ಇಲ್ಲವಾಗ್ಲಿ ಅಂತ. ಆರು ವರ್ಷ ನಾನಿವಳ ಮುಖ ನೋಡಿಲ್ಲ, ದನಿ ಕೇಳಿಲ್ಲ. ಎಲ್ಲಿ ಆ ಕೀ? ಇನ್ಯಾರಾದ್ರೂ ಕೇಳಿ ಇಸ್ಕೊಂಡ್ರೆ ನಿಮ್ಮನ್ನ ಬಿಡುತ್ತೆ."

"ಜಜ್ಜಿಸ್ಬಿಟ್ಟೆ" ಎಂದ ಸರ್ವೇಯರ್.

ಗಡಿಯಾರದವನು ತಲೆಯ ಮೇಲೆ ಕೈಹೊತ್ತು ಕೂತ. "ಅಯ್ಯೋ, ಎಂಥ ಕೆಲಸ ಮಾಡಿದ್ರಿ! ಇನ್ನು ಯಾರು ಏನನ್ನ ಕೇಳ್ಬೇಕು?"

ಬಿಳಿಗೂದಲಿನ ಹೆಂಗಸು ಸರ್ವೇಯರನ ಕಡೆ ನೋಡಲೇ ಇಲ್ಲ. ಎದ್ದುಬಂದು, ಅವನ ಪಕ್ಕದ ಗಾಳಿಯನ್ನು ತಬ್ಬಿಕೊಂಡು, ಅದರ ಬೆನ್ನು ಸವರಿದಳು.

ಮುಂದಿನ ಮೂರು ತಿಂಗಳು ಅವನು ಮಗುವಾದರೂ ಕಣ್ಣಿಗೆ ಕಾಣುತ್ತದೆಂಬ ಒಂದೇ ಆಸೆಯಲ್ಲಿ ಬದುಕಿದ. ಸೀಟಿನಲ್ಲಿ ಕೂತವಳು ಅವಳು, ಮಗುವಲ್ಲ. ಮಗು ಒಳಗಿತ್ತು. ಮಗು ಅವನ ಪಕ್ಕ ಕೂತಿರಲಿಲ್ಲ. ಕಂಪನಿಗೆ ವರದಿ ಬರೆಯುವವನಂತೆ ಇದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಪ್ರತಿ ಸಲವೂ ತನ್ನ ಪರವಾಗಿಯೇ ತೀರ್ಪು ಕೊಟ್ಟುಕೊಂಡ. ರಾತ್ರಿ ಖಾಲಿ ಹಾಸಿಗೆಯ ಮೇಲೆ ಅಂದಾಜಿನಿಂದ ಅಂಗೈಯಿಟ್ಟು ಗಂಟೆಗಟ್ಟಲೆ ಕಾಯುತ್ತಿದ್ದ. ಹಗಲು, ಇದ್ದಾಳೋ ಇಲ್ಲವೋ ತಿಳಿಯದ ಕೋಣೆಗೆ ಮಾತಾಡುತ್ತಿದ್ದ. "ಊಟ ಮಾಡಿದ್ಯಾ? ಕಾಲು ನೋವಿದ್ಯಾ?" ಏಳು ವರ್ಷ ಬಾಯಿಗೆ ಬಾರದ ಮಾತುಗಳೆಲ್ಲ ಈಗ ಬಂದವು. ಬಂದು ಏನು ಪ್ರಯೋಜನ? ಅವಳು ಉತ್ತರ ಕೊಡುತ್ತಿದ್ದಳೋ ಏನೋ.

ಹೆರಿಗೆಯ ದಿನ ಟೀಚರೇ ಅವಳನ್ನು ಆಸ್ಪತ್ರೆಗೆ ಕರೆದೊಯ್ದರು. ಅವನು ಕಾರಿಡಾರಿನಲ್ಲಿ ಬೆಳಗಿನಿಂದ ನಿಂತಿದ್ದ. ಫಿನಾಯಿಲಿನ ವಾಸನೆ, ತಳ್ಳುಗಾಡಿಗಳ ಚಕ್ರದ ಸದ್ದು. ಅಕ್ಕಪಕ್ಕದ ಕೋಣೆಗಳಿಂದ ಬೇರೆಯವರ ಮಕ್ಕಳು ಅಳುವುದೆಲ್ಲ ಅವನಿಗೆ ಚೆನ್ನಾಗಿ ಕೇಳಿಸುತ್ತಿತ್ತು.

ಬಾಗಿಲು ತೆರೆಯಿತು. ನರ್ಸು ಬಂದಳು. ಎರಡೂ ತೋಳುಗಳನ್ನು ಎದೆಯ ಮುಂದೆ ಮಡಿಸಿಕೊಂಡಿದ್ದಳು. ತೋಳುಗಳ ನಡುವೆ ಏನೂ ಇರಲಿಲ್ಲ. ಅವಳು ಆ ಏನೂ ಇಲ್ಲದ್ದನ್ನು ನೋಡಿ ನಗುತ್ತಿದ್ದಳು.

"ಹೆಣ್ಣು ಮಗು ಸಾರ್. ಅಮ್ಮ ಮಗು ಇಬ್ಬರೂ ಆರಾಮ. ಹಿಡ್ಕೊಳ್ಳಿ."

ಕಾಣಿಸುತ್ತಿಲ್ಲ ಎನ್ನಬೇಕಿತ್ತು. ಎನ್ನುವಷ್ಟರಲ್ಲಿ ಅವಳು ಹತ್ತಿರ ಬಂದುಬಿಟ್ಟಿದ್ದಳು. ಅವನು ತೋಳು ಚಾಚಿದ.

"ತಲೆ ಕೆಳಗೆ ಕೈ ಕೊಡಿ. ಹಾಂ, ಹಾಗೆ. ನೋಡಿ ನೋಡಿ, ಕಣ್ಣು ಬಿಟ್ಟು ನಿಮ್ಮನ್ನೇ ನೋಡ್ತಿದೆ!"

ನರ್ಸು ಕೈ ಬಿಟ್ಟಳು. ಭಾರವಿಲ್ಲ. ಬಿಸುಪಿಲ್ಲ. ಗಾಳಿ ಕೂಡ ಅಲ್ಲಾಡಲಿಲ್ಲ. ಒಳಗಿನಿಂದ ಯಾರೋ ಕೂಗಿದರು. "ಬಂದೆ" ಎನ್ನುತ್ತ ಅವಳು ಓಡಿದಳು. ಬಾಗಿಲು ಮುಚ್ಚಿತು.

ಅವನು ನಿಂತ. ಉಸಿರು ಬಿಗಿಹಿಡಿದ. ಕೈ ಸಡಿಲಿಸಿದರೆ ಬೀಳುತ್ತದೆ. ಬಿಗಿ ಮಾಡಿದರೆ ನಲುಗುತ್ತದೆ. ಎಷ್ಟು ಸಡಿಲ? ಎಷ್ಟು ಬಿಗಿ? ಜಾರುತ್ತಿದೆಯೇ? ಆಗಲೇ ಜಾರಿತೇ? ನೆಲ ನೋಡಿದ. ನೆಲ ಹೊಳೆಯುತ್ತಿತ್ತು. ಬಿದ್ದಿದ್ದರೂ ಅವನಿಗೆ ಕಾಣುವಂತಿರಲಿಲ್ಲ. ಬೆವರು ಕಣ್ಣಿಗಿಳಿಯಿತು, ಒರೆಸಿಕೊಳ್ಳಲು ಕೈಯಿರಲಿಲ್ಲ.

"ಯಾರಾದ್ರೂ ಸ್ವಲ್ಪ ನೋಡಿ" ಎಂದ. ಯಾರೂ ತಿರುಗಲಿಲ್ಲ. ಮತ್ತೊಮ್ಮೆ ಹೇಳಿದ. "ನನ್ನ ಕೈಯಲ್ಲಿ ಇದೆಯಾ? ದಯವಿಟ್ಟು ಹೇಳಿ."

ನೆಲ ಒರೆಸುತ್ತ ಬಂದ ಮುದುಕಿ ಬಕೆಟ್ಟು ಸರಿಸಿ, ಅವನ ತೋಳಿನತ್ತ ಒಮ್ಮೆ ಇಣುಕಿ, ನಕ್ಕು ಮುಂದೆ ಹೋದಳು.

"ಅಷ್ಟೊಂದು ಅಳ್ತಿದೆ ಪಾಪ, ಹಾಗೆ ಮರದ ಹಾಗೆ ನಿಂತಿದ್ದೀಯಲ್ಲಪ್ಪಾ. ಸ್ವಲ್ಪ ಆಡ್ಸು."

ಕಾರಿಡಾರಿನಲ್ಲಿ ಅವನಿಗೆ ಯಾವ ಅಳುವೂ ಕೇಳಿಸಲಿಲ್ಲ. ಅವನು ಅಲ್ಲಾಡದೆ ನಿಂತೇ ಇದ್ದ.